ನೋಯದ ರೋಗ, ನಿತ್ಯದ ಉಪ್ಪು

ಆರೋಗ್ಯವೆಂದರೆ ನೋವಿಲ್ಲದಿರುವಿಕೆ ಎಂಬ ಭಾವನೆಯು ನಮ್ಮಲ್ಲಿ ಬಹುಕಾಲದಿಂದ ನೆಲೆಗೊಂಡಿದೆ. ತಲೆ ನೋಯದೆ, ಜ್ವರ ಬಾರದೆ, ಹಸಿವು ನಿದ್ರೆಗಳು ಹೊತ್ತುಹೊತ್ತಿಗೆ ಒದಗುತ್ತಿದ್ದರೆ ಶರೀರವು ಸ್ವಸ್ಥವಾಗಿದೆಯೆಂದೂ, ಒಳಗೆ ಏನಾದರೂ ವಿಕಾರವು ತಲೆದೋರಿದರೆ ಶರೀರವೇ ಅದನ್ನು ನಮಗೆ ಅರುಹುವುದೆಂದೂ ನಾವು ನಂಬಿದ್ದೇವೆ. ಈ ನಂಬಿಕೆಯು ಹಿಂದಿನವರ ಅನುಭವದಿಂದ ಹುಟ್ಟಿದುದಾದ ಕಾರಣ ಅದನ್ನು ಅವಿವೇಕವೆಂದು ತಳ್ಳಿಹಾಕುವುದು ನ್ಯಾಯವಲ್ಲ. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಾಗ ಗಡ್ಡೆ ಎದ್ದವನಿಗಾಗಲಿ ಅವನ ನೆರೆಯವನಿಗಾಗಲಿ ರೋಗದ ವಿಷಯದಲ್ಲಿ ಸಂಶಯಕ್ಕೆ ಎಡೆಯಿರಲಿಲ್ಲ. ಸಿಡುಬು ತನ್ನ ಗುರುತನ್ನು ಮುಖದ ಮೇಲೆಯೇ ಬರೆಯುತ್ತಿದ್ದಿತು. ಕಾಲರಾ ಒಂದೇ ಹಗಲಿನಲ್ಲಿ ಮನೆಯನ್ನು ಬರಿದುಮಾಡುತ್ತಿದ್ದಿತು. ಎದುರಿಗೆ ಬಂದು ನಿಂತ ಆ ಶತ್ರುಗಳೊಡನೆ ಸಮಾಜವು ಹೋರಾಡಿತು. ಪ್ಲೇಗಿನ ಭಯದಿಂದ ಬಸವನಗುಡಿ, ಮಲ್ಲೇಶ್ವರಗಳೆಂಬ ಹೊಸ ಬಡಾವಣೆಗಳು ಬೆಳೆದುವು. ಸಿಡುಬು 1980ರ ಹೊತ್ತಿಗೆ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲ್ಪಟ್ಟಿತು.

ಆದರೆ ಇಂದು ಮನೆಮನೆಯಲ್ಲಿಯೂ ಇರುವ ರೋಗಗಳ ಸ್ವಭಾವವು ಬೇರೆ. ರಕ್ತದೊತ್ತಡವಾಗಲಿ ಸಕ್ಕರೆ ಕಾಯಿಲೆಯಾಗಲಿ ಬರುವಾಗ ಬಾಗಿಲು ತಟ್ಟುವುದಿಲ್ಲ. ಬಂದಮೇಲೆಯೂ ವರ್ಷಗಟ್ಟಲೆ ಸದ್ದಿಲ್ಲದೆ ಒಳಗೆ ವಾಸಿಸುತ್ತವೆ. ಆದುದರಿಂದ ನಾವು ವಿಚಾರಿಸಬೇಕಾದ ಪ್ರಶ್ನೆಯಿದು: ನಮ್ಮ ಶರೀರದ ವಿಷಯದಲ್ಲಿ ನಮ್ಮ ಅನುಭವವೇ ಸಾಕಾದ ಪ್ರಮಾಣವೇ? ಚರಕಸಂಹಿತೆಯು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ, ಯುಕ್ತಿ ಎಂದು ಪರೀಕ್ಷೆಯ ಮಾರ್ಗಗಳನ್ನು ನಾಲ್ಕಾಗಿ ಎಣಿಸಿ, ಇಂದ್ರಿಯಗಳಿಗೆ ಗೋಚರವಾಗುವುದು ಸ್ವಲ್ಪವೆಂದೂ ಅಗೋಚರವಾಗಿ ಉಳಿಯುವುದೇ ಬಹಳವೆಂದೂ ಎಚ್ಚರಿಸುತ್ತದೆ. ವೈದ್ಯನಿಗೆ ಹೇಳಿದ ಆ ಮಾತು ಈಗ ಗೃಹಸ್ಥನಿಗೂ ಸಲ್ಲತಕ್ಕದ್ದಾಗಿದೆ.

ರಕ್ತದೊತ್ತಡವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಹೃದಯವು ಸಂಕುಚಿಸಿ ರಕ್ತವನ್ನು ಧಮನಿಗಳೊಳಕ್ಕೆ ನೂಕುವಾಗ ಅವುಗಳ ಗೋಡೆಯ ಮೇಲೆ ಬೀಳುವ ಒತ್ತಡವು ಒಂದು, ಹೃದಯವು ಸಡಿಲಿ ವಿರಮಿಸುವಾಗ ಉಳಿಯುವ ಒತ್ತಡವು ಇನ್ನೊಂದು. ಪಾದರಸದ ಮಿಲಿಮೀಟರುಗಳಲ್ಲಿ ಅಳೆದರೆ ಇವು 120 ಮತ್ತು 80ರ ಸುಮಾರಿನಲ್ಲಿರುವುದು ಕ್ಷೇಮ. 140 ಅಥವಾ 90ನ್ನು ಮುಟ್ಟಿ ಅಲ್ಲಿಯೇ ನಿಂತರೆ ಅದು ರೋಗ. ತೋಳಿಗೆ ಪಟ್ಟಿಯನ್ನು ಬಿಗಿದು ಅಳೆಯುವ ಉಪಕರಣವನ್ನು ಇಟಲಿಯ ರೀವಾ-ರೋಚಿ 1896ರಲ್ಲಿ ಬಳಕೆಗೆ ತಂದನು. ಪಟ್ಟಿಯನ್ನು ಸಡಿಲಿಸುವಾಗ ಧಮನಿಯಲ್ಲಿ ಕೇಳಿಬರುವ ಸದ್ದುಗಳಿಂದ ಎರಡು ಅಂಕಿಗಳನ್ನೂ ಗುರುತಿಸುವ ವಿಧಾನವನ್ನು ರಷ್ಯದ ಕೊರೊಟ್ಕಾಫ್ 1905ರಲ್ಲಿ ತಿಳಿಸಿದನು. ಅದಕ್ಕೆ ಮುಂಚೆ ಈ ರೋಗವು ಇರಲಿಲ್ಲವೆಂದಲ್ಲ. ಅದನ್ನು ಕಾಣುವ ಕಣ್ಣು ನಮಗೆ ಇರಲಿಲ್ಲ. ಏರಿದ ಒತ್ತಡವು ಧಮನಿಗಳನ್ನು ಪೆಡಸುಮಾಡುತ್ತದೆ, ಹೃದಯದ ಸ್ನಾಯುವನ್ನು ದಪ್ಪಗೊಳಿಸಿ ದಣಿಸುತ್ತದೆ, ಮೂತ್ರಪಿಂಡಗಳ ಸೂಕ್ಷ್ಮನಾಳಗಳನ್ನು ಸವೆಸುತ್ತದೆ, ಕಣ್ಣಿನ ಒಳಪದರವನ್ನು ಕೆಡಿಸುತ್ತದೆ. ಇಷ್ಟೆಲ್ಲ ನಡೆಯುತ್ತಿರುವಾಗಲೂ ಮನುಷ್ಯನು ಉಂಡು ಉಟ್ಟು ನಗುತ್ತ ತಾನು ಸುಖಿಯೆಂದೇ ತಿಳಿದಿರುತ್ತಾನೆ. ಒಂದು ದಿನ ಲಕ್ವ ಹೊಡೆದು ಕೈಕಾಲು ಬಿದ್ದುಹೋದಾಗ ಮಾತ್ರ, ಅನಿರೀಕ್ಷಿತವಾಗಿ ಬಂದಿತೆಂದು ಮನೆಯವರೆಲ್ಲ ದುಃಖಿಸುತ್ತಾರೆ.

ಈ ಅಜ್ಞಾನವು ಬಡವರ ಅಥವಾ ಓದದವರ ಪಾಲಿನದು ಮಾತ್ರವಲ್ಲ. ಅಮೆರಿಕದ ರಾಷ್ಟ್ರಾಧ್ಯಕ್ಷರಾಗಿದ್ದ ಫ್ರಾಂಕ್ಲಿನ್ ರೂಸ್‌ವೆಲ್ಟರ ರಕ್ತದೊತ್ತಡವು ವರ್ಷದಿಂದ ವರ್ಷಕ್ಕೆ ಏರುತ್ತ ಹೋಗಿ, 1945ರ ಏಪ್ರಿಲ್ 12ರಂದು 300ನ್ನು ಮೀರಿ, ಮೆದುಳಿನಲ್ಲಿ ರಕ್ತಸ್ರಾವವಾಗಿ ಅವರು ತೀರಿಕೊಂಡರು. ಲೋಕದ ಅತಿ ಪ್ರಬಲ ರಾಷ್ಟ್ರದ ವೈದ್ಯರು ಅವರ ಸನಿಯದಲ್ಲಿಯೇ ಇದ್ದರು. ಆದರೆ ಗಡುಸಾದ ನಾಳಗಳಲ್ಲಿ ರಕ್ತವನ್ನು ನಡೆಸುವುದಕ್ಕೆ ಒತ್ತಡವು ಏರಲೇಬೇಕು, ಅದು ವಯೋಧರ್ಮ, ಎಂದು ಅಂದಿನ ವೈದ್ಯರಲ್ಲಿ ಅನೇಕರು ಭಾವಿಸಿದ್ದರು. ಪರಿಣಾಮಕಾರಿಯಾದ ಔಷಧವೂ ಅವರ ಕೈಯಲ್ಲಿ ಇರಲಿಲ್ಲ. ಆ ಭಾವನೆಯನ್ನು ಕಳೆದುದು 1948ರಲ್ಲಿ ಫ್ರೇಮಿಂಗ್‌ಹ್ಯಾಮ್ ಎಂಬ ಸಣ್ಣ ಊರಿನಲ್ಲಿ ಮೊದಲಾದ ಅಧ್ಯಯನ. ಅಲ್ಲಿಯ 5,209 ಮಂದಿ ಸ್ತ್ರೀಪುರುಷರನ್ನು, ಅವರು ಆರೋಗ್ಯವಂತರಾಗಿದ್ದಾಗಲೇ ಪರೀಕ್ಷಿಸಿ, ವರ್ಷಾನುವರ್ಷ ಅವರ ಬಾಳನ್ನು ಅನುಸರಿಸುತ್ತ ಹೋದ ವಿಜ್ಞಾನಿಗಳಿಗೆ, ಹೃದ್ರೋಗವೂ ಪಾರ್ಶ್ವವಾಯುವೂ ಆಕಸ್ಮಿಕಗಳಲ್ಲವೆಂದೂ, ಒತ್ತಡ, ತಂಬಾಕು, ರಕ್ತದ ಕೊಬ್ಬು ಮುಂತಾದುವು ಬಹು ಮುಂಚೆಯೇ ಅವುಗಳಿಗೆ ದಾರಿಮಾಡಿರುತ್ತವೆಂದೂ ನಿಚ್ಚಳವಾಯಿತು.

ಈಗ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ಹದಿನೈದು ವರ್ಷ ದಾಟಿದ ಪುರುಷರಲ್ಲಿ ನೂರಕ್ಕೆ 24 ಮಂದಿಗೂ ಸ್ತ್ರೀಯರಲ್ಲಿ ನೂರಕ್ಕೆ 21 ಮಂದಿಗೂ ರಕ್ತದೊತ್ತಡವು ಏರಿದೆ, ಇಲ್ಲವೆ ಅದಕ್ಕಾಗಿ ಔಷಧ ಸೇವನೆ ನಡೆದಿದೆ. ಲೋಕದಲ್ಲಿ ಈ ರೋಗವಿರುವ ವಯಸ್ಕರಲ್ಲಿ ಹೆಚ್ಚುಕಡಮೆ ಅರ್ಧದಷ್ಟು ಜನರಿಗೆ ಅದು ತಮಗೆ ಇರುವುದೇ ತಿಳಿಯದೆಂದು ವಿಶ್ವ ಆರೋಗ್ಯ ಸಂಸ್ಥೆಯು ಹೇಳುತ್ತದೆ. ಅನುಭವವನ್ನೇ ಪ್ರಮಾಣವೆಂದು ನಂಬಿದುದರ ಫಲವಿದು.

ಅಳೆದು ತಿಳಿಯುವುದು ಮೊದಲನೆಯ ಕರ್ತವ್ಯವಾದರೆ, ತಿಳಿದ ಮೇಲೆ ಏನು ಮಾಡಬೇಕೆಂಬುದು ಎರಡನೆಯ ಪ್ರಶ್ನೆ. ಇಲ್ಲಿ ನಾವು ಆಸ್ಪತ್ರೆಯಿಂದ ಅಡುಗೆಮನೆಗೆ ಬರಬೇಕು. ಉಪ್ಪಿನಿಂದ ಶರೀರದಲ್ಲಿ ಸೇರಿದ ಸೋಡಿಯಮ್ಮನ್ನು ಹೊರಹಾಕುವ ಹೊಣೆಯು ಮೂತ್ರಪಿಂಡಗಳದು. ಅವುಗಳ ಶಕ್ತಿಗೆ ಮೀರಿ ಉಪ್ಪು ಬಂದಾಗ ಅದು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ರಕ್ತದ ಪ್ರಮಾಣವು ಹೆಚ್ಚುತ್ತದೆ, ಒತ್ತಡವು ಏರುತ್ತದೆ. ಬ್ರೆಜಿಲಿನ ಅರಣ್ಯವಾಸಿಗಳಾದ ಯಾನೊಮಾಮಿ ಜನರು ಊಟಕ್ಕೆ ಉಪ್ಪನ್ನೇ ಬಳಸದವರು. ಅವರಲ್ಲಿ ವಯಸ್ಸು ಏರಿದರೂ ಒತ್ತಡವು ಏರದಿರುವುದನ್ನು ವಿಜ್ಞಾನಿಗಳು ಕಂಡಿದ್ದಾರೆ. ಚರಕಸಂಹಿತೆಯು ಅತಿಯಾಗಿ ಬಳಸಬಾರದ ಮೂರು ವಸ್ತುಗಳಲ್ಲಿ ಹಿಪ್ಪಲಿಯನ್ನೂ ಕ್ಷಾರವನ್ನೂ ಹೇಳಿ ಮೂರನೆಯದಾಗಿ ಲವಣವನ್ನು ಹೆಸರಿಸಿ, ಹಾಲಿನೊಡನೆಯೂ ಉಪ್ಪನ್ನು ಸೇವಿಸುವ ಪ್ರಾಂತಗಳ ಜನರು ಬಲಹೀನರಾಗುವುದನ್ನು ಉದಾಹರಿಸುತ್ತದೆ. ಕಾರಣದ ವಿವರಣೆಯಲ್ಲಿ ಎರಡು ಶಾಸ್ತ್ರಗಳೂ ಬೇರೆಯಾಗಿದ್ದರೂ ಮಿತದ ವಿಷಯದಲ್ಲಿ ಒಂದೇ ನಿರ್ಣಯಕ್ಕೆ ಬಂದಿರುವುದು ಗಮನಾರ್ಹ.

ವಯಸ್ಕನಿಗೆ ದಿನಕ್ಕೆ 5 ಗ್ರಾಮಿಗಿಂತ, ಅಂದರೆ ಒಂದು ಮಟ್ಟಸವಾದ ಟೀ ಚಮಚಕ್ಕಿಂತ, ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯ ವಿಧಿ. ನಮ್ಮ ಮನೆಗಳಲ್ಲಿ ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ನಾಲ್ವರಿರುವ ಸಂಸಾರದಲ್ಲಿ ತಿಂಗಳಿಗೆ ಒಂದು ಕಿಲೋ ಉಪ್ಪು ಮುಗಿಯುವುದಾದರೆ ತಲೆಗೆ ದಿನಕ್ಕೆ 8 ಗ್ರಾಮನ್ನು ಮೀರಿದಂತಾಯಿತು. 600 ಗ್ರಾಮಿಗೆ ತಿಂಗಳು ಕಳೆಯಬೇಕಾದುದು ನ್ಯಾಯ. ಹೊರಗಿನ ಬೇಕರಿಯ ತಿಂಡಿ, ಹೋಟೆಲಿನ ಊಟ, ಪೊಟ್ಟಣದ ಕುರುಕಲು ಇವುಗಳ ಉಪ್ಪು ಈ ಲೆಕ್ಕಕ್ಕೆ ಸೇರದೆ ಉಳಿಯಿತು. ಪಾಶ್ಚಾತ್ಯ ದೇಶಗಳಲ್ಲಿ ಉಪ್ಪಿನ ಬಹುಭಾಗವು ಕಾರ್ಖಾನೆಯ ಆಹಾರದಿಂದ ಬರುತ್ತದೆ. ನಮ್ಮಲ್ಲಿಯಾದರೋ ಅದರ ದೊಡ್ಡ ಪಾಲು ಸಾರು ಹುಳಿಗಳಿಂದ, ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸಿನಕಾಯಿ, ಚಟ್ನಿಪುಡಿಗಳಿಂದ, ಕರಾವಳಿಯಲ್ಲಿ ಒಣಮೀನಿನಿಂದ, ಅಷ್ಟೂ ಸಾಲದೆಂದು ಎಲೆಯ ತುದಿಗೆ ಬಡಿಸಿಕೊಂಡ ಉಪ್ಪಿನಿಂದ ಬರುತ್ತದೆ. ತಿದ್ದುವ ಅಧಿಕಾರವು ಬಹುಮಟ್ಟಿಗೆ ನಮ್ಮ ಕೈಯಲ್ಲಿಯೇ ಇದೆ ಎಂಬುದು ಇದರಲ್ಲಿ ಅಡಗಿರುವ ಸಮಾಧಾನ.

ಇದಕ್ಕೆ ಆಕ್ಷೇಪಗಳು ಇಲ್ಲದಿಲ್ಲ. ನಮ್ಮ ಹಿರಿಯರು ಉಪ್ಪಿನಕಾಯಿ ನೆಂಚಿಕೊಂಡೇ ನೂರು ವರ್ಷ ಬಾಳಿದರೆಂದು ಹೇಳುವವರುಂಟು. ಹಾಗೆ ಬಾಳಿದವರನ್ನು ನಾವು ನೆನೆಯುತ್ತೇವೆ. ಐವತ್ತಕ್ಕೆ ಮುಂಚೆ ಬಿದ್ದುಹೋದವರು ನಮ್ಮ ನೆನಪಿನಲ್ಲಿ ಉಳಿಯಲಿಲ್ಲ. ಬೆವರು ಸುರಿಸಿ ದುಡಿಯುವ ನಾಡಿನವರಿಗೆ ಉಪ್ಪು ಹೆಚ್ಚು ಬೇಕೆಂಬುದು ಎರಡನೆಯ ಆಕ್ಷೇಪ. ಉರಿಬಿಸಿಲಿನಲ್ಲಿ ಗೇಯುವ ರೈತನ ಆವಶ್ಯಕತೆಯು ಕುಳಿತು ಕೆಲಸಮಾಡುವವನದಕ್ಕಿಂತ ಬೇರೆಯೆಂಬುದು ನಿಜ. ಆದರೆ ಸೆಕೆಗೆ ಒಗ್ಗಿದ ಶರೀರವು ಬೆವರಿನಲ್ಲಿ ಉಪ್ಪನ್ನು ಮಿತವಾಗಿಯೇ ಬಿಡುತ್ತದೆ, ಅಲ್ಲದೆ ಹೊಲ ಬಿಟ್ಟು ಕಚೇರಿ ಸೇರಿದ ನಾವು ರೈತನ ಉಪ್ಪನ್ನು ಮಾತ್ರ ಉಳಿಸಿಕೊಂಡು ಅವನ ಬೆವರನ್ನು ಬಿಟ್ಟಿದ್ದೇವೆ. ಸೈಂಧವ ಲವಣವು ನಿರಪಾಯಕರವೆಂಬುದು ಮೂರನೆಯ ನಂಬಿಕೆ. ಅದೂ ಬಹುತೇಕ ಸೋಡಿಯಂ ಕ್ಲೋರೈಡೇ. ಇನ್ನು ಒತ್ತಡವು ವಂಶದಿಂದ ಬರುವುದೆಂಬ ಮಾತಿನಲ್ಲಿ ಸತ್ಯಾಂಶವುಂಟು. ಆದರೆ ವಂಶದಿಂದ ಬಂದ ಒಲವನ್ನು ಬೆಳೆಸುವುದೂ ತಗ್ಗಿಸುವುದೂ ನಿತ್ಯದ ನಡವಳಿಕೆಯಿಂದಲೇ.

ಎಲ್ಲಕ್ಕಿಂತ ಗೌರವದಿಂದ ಉತ್ತರಿಸಬೇಕಾದ ಆಕ್ಷೇಪವೊಂದಿದೆ. ಉಪ್ಪಿಗಿಂತ ರುಚಿಯಿಲ್ಲ ಎಂಬುದು ನಮ್ಮ ಗಾದೆ. ಬಡವನ ಗಂಜಿಗೆ ಉಪ್ಪೊಂದೇ ಭೂಷಣ. ಅದರ ಮೇಲಿನ ಕರವನ್ನು ಪ್ರತಿಭಟಿಸಿ 1930ರಲ್ಲಿ ಗಾಂಧೀಜಿ ದಂಡಿಗೆ ನಡೆದರು, ಅದೇ ವರ್ಷ ನಮ್ಮ ಅಂಕೋಲೆಯ ಕಡಲತೀರದಲ್ಲಿಯೂ ಜನರು ಕಾನೂನನ್ನು ಮುರಿದರು. ಅಂತಹ ವಸ್ತುವನ್ನು ಬಿಡಿರೆನ್ನುವುದು ಹೇಗೆ? ಬಿಡಿರೆಂದು ಯಾರೂ ಹೇಳುತ್ತಿಲ್ಲ. ಅಳತೆಯರಿತು ಬಳಸಿರೆಂದು ಹೇಳುತ್ತಿರುವುದು. ಉಪ್ಪಿಗಾಗಿ ಹೋರಾಡಿದ ಗಾಂಧೀಜಿಯೇ, ದಕ್ಷಿಣ ಆಫ್ರಿಕದಲ್ಲಿದ್ದಾಗ, ಕಾಯಿಲೆಬಿದ್ದ ಕಸ್ತೂರಬಾಯಿಯವರಿಗೆ ಉಪ್ಪನ್ನೂ ಬೇಳೆಗಳನ್ನೂ ಬಿಡುವಂತೆ ಹೇಳಿದರು. ನಿಮಗೆ ಹೇಳಿದ್ದರೆ ನೀವಾದರೂ ಬಿಡುತ್ತಿದ್ದಿರಾ ಎಂದು ಆಕೆ ಕೇಳಿದಾಗ, ಆ ಕ್ಷಣವೇ ತಾವು ಒಂದು ವರ್ಷ ಅವೆರಡನ್ನೂ ತೊರೆಯುವ ವ್ರತವನ್ನು ತೊಟ್ಟರು. ಉಪ್ಪನ್ನು ಪಡೆಯುವ ಹಕ್ಕಿಗೂ ಅದನ್ನು ಮಿತಗೊಳಿಸುವ ಸಂಯಮಕ್ಕೂ ವಿರೋಧವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಿಲ್ಲ.

ಆ ಪ್ರಸಂಗದಲ್ಲಿ ನಮ್ಮ ಸಂಸಾರಗಳು ಕಲಿಯತಕ್ಕ ಇನ್ನೊಂದು ಪಾಠವೂ ಇದೆ. ಮನೆಯ ಯಜಮಾನನಿಗೆ ಬಿ.ಪಿ. ಬಂದಿತೆಂದರೆ ಅವನಿಗೆಂದೇ ಸಪ್ಪೆಯ ಸಾರನ್ನು ಬೇರೆಯಾಗಿ ತೆಗೆದಿಟ್ಟು, ಉಳಿದವರೆಲ್ಲ ಅವನೆದುರಿಗೇ ಹಪ್ಪಳ ಕರಿದು ತಿನ್ನುವುದು ನಮ್ಮಲ್ಲಿ ಸಾಮಾನ್ಯ. ಮನೆಯ ಗೃಹಿಣಿಗೆ ಬಂದಿತೆಂದರೆ ಬೇರೆಯಾಗಿ ತೆಗೆದಿಡುವವರೂ ಇರುವುದಿಲ್ಲ. ಎಲ್ಲರ ನಾಲಗೆಗೂ ಅಡುಗೆ ಮಾಡಿ ಆಕೆ ಅದನ್ನೇ ಉಣ್ಣಬೇಕು. ಹೀಗೆ ಪಥ್ಯವು ಒಬ್ಬರಿಗೆ ವಿಧಿಸಿದ ಶಿಕ್ಷೆಯಂತಾದಾಗ ಅದು ಬಹುಕಾಲ ನಿಲ್ಲುವುದಿಲ್ಲ. ಇಡಿಯ ಮನೆಯ ಉಪ್ಪನ್ನು ಸ್ವಲ್ಪ ಸ್ವಲ್ಪವಾಗಿ ಇಳಿಸುತ್ತ ಹೋದರೆ ಕೆಲವು ವಾರಗಳಲ್ಲಿಯೇ ನಾಲಗೆಯು ಹೊಸ ಪ್ರಮಾಣಕ್ಕೆ ಒಗ್ಗುತ್ತದೆ. ಮುಂಚಿನ ರುಚಿಯೇ ಆಗ ಅತಿಯೆನಿಸುತ್ತದೆ. ನಿಂಬೆಹುಳಿ, ಮೆಣಸು, ಜೀರಿಗೆ, ಕೊತ್ತಂಬರಿ, ಶುಂಠಿ, ಕರಿಬೇವು ಇವೆಲ್ಲ ಇರುವ ನಾಡಿನಲ್ಲಿ ರುಚಿಗೆ ಬಡತನವಿಲ್ಲ. ಸೊಪ್ಪು, ತರಕಾರಿ, ಕಾಳು, ಹಣ್ಣುಗಳಲ್ಲಿರುವ ಪೊಟ್ಯಾಸಿಯಂ ಒತ್ತಡವನ್ನು ಇಳಿಸಲು ನೆರವಾಗುತ್ತದೆ. ಮೂತ್ರಪಿಂಡದ ರೋಗವಿರುವವರು ಮಾತ್ರ ಈ ವಿಷಯದಲ್ಲಿ ವೈದ್ಯರನ್ನು ಕೇಳಿ ನಡೆಯಬೇಕು. ಬಳಸುವ ಅಲ್ಪ ಉಪ್ಪೂ ಅಯೋಡಿನ್ ಸೇರಿಸಿದುದಾಗಿರಲಿ. ದಿನವೂ ನಡೆಯುವುದು, ತೂಕವನ್ನು ಹತೋಟಿಯಲ್ಲಿಡುವುದು, ತಂಬಾಕನ್ನೂ ಮದ್ಯವನ್ನೂ ದೂರವಿಡುವುದು ಇದಕ್ಕೆ ಸಹಕಾರಿಗಳು. ಇವಾವುವೂ ವೈದ್ಯರು ಕೊಟ್ಟ ಗುಳಿಗೆಗೆ ಬದಲಲ್ಲ. ಚೆನ್ನಾಗಿದ್ದೇನೆಂದು ತಾನೇ ತೀರ್ಮಾನಿಸಿ ಗುಳಿಗೆಯನ್ನು ನಿಲ್ಲಿಸುವವನು ಮತ್ತೆ ಅನುಭವವೇ ಪ್ರಮಾಣವೆಂಬ ಆ ಹಳೆಯ ತಪ್ಪಿಗೇ ಮರಳುತ್ತಾನೆ.

ಹೊಣೆಯೆಲ್ಲವನ್ನೂ ಮನೆಯ ಮೇಲೆ ಹೊರಿಸಿ ಸಮಾಜವು ಸುಮ್ಮನಿರುವುದೂ ಸಲ್ಲದು. ಜಪಾನಿನ ಉತ್ತರದ ಅಕಿತ ಪ್ರಾಂತವು ಉಪ್ಪುಭರಿತ ಆಹಾರಕ್ಕೂ ಪಾರ್ಶ್ವವಾಯುವಿನ ಮರಣಗಳಿಗೂ ಒಂದು ಕಾಲಕ್ಕೆ ಕುಖ್ಯಾತವಾಗಿದ್ದಿತು. ಫಿನ್ಲೆಂಡಿನಲ್ಲಿ ಹೃದ್ರೋಗದ ಮರಣಗಳು ಅತಿಯಾಗಿದ್ದುವು. ಆ ಎರಡು ದೇಶಗಳಲ್ಲಿಯೂ ಸರಕಾರ, ವೈದ್ಯರು, ಶಾಲೆಗಳು, ಪತ್ರಿಕೆಗಳು ಸೇರಿ ದುಡಿದುವು. ಫಿನ್ಲೆಂಡಿನಲ್ಲಿ ಉಪ್ಪು ಹೆಚ್ಚಿರುವ ಆಹಾರದ ಪೊಟ್ಟಣದ ಮೇಲೆ ಹಾಗೆಂದು ಮುದ್ರಿಸುವುದು ಕಡ್ಡಾಯವಾಯಿತು. ಕೆಲವು ದಶಕಗಳಲ್ಲಿ ಅಲ್ಲಿಯ ಉಪ್ಪಿನ ಸೇವನೆಯು ಸುಮಾರು ಮೂರರಲ್ಲಿ ಒಂದು ಪಾಲು ಇಳಿಯಿತು, ಒತ್ತಡವೂ ಇಳಿಯಿತು. ಕೊಬ್ಬನ್ನೂ ತಂಬಾಕನ್ನೂ ಕಡಮೆಮಾಡಿದುದು ಅಲ್ಲಿಯ ಜನರ ಆಯುಸ್ಸಿಗೆ ಒದಗಿದ ಇತರ ಕಾರಣಗಳೆಂಬುದು ಸರಿಯೇ. ಆದರೆ ಒಂದು ರಾಷ್ಟ್ರದ ನಾಲಗೆಯನ್ನೇ ತಿದ್ದಬಹುದೆಂಬುದು ಸಿದ್ಧವಾಯಿತು. ನಮ್ಮಲ್ಲಿಯೂ ಪೊಟ್ಟಣದ ಮೇಲೆ ಉಪ್ಪಿನ ಪ್ರಮಾಣವು ಕನ್ನಡದಲ್ಲಿ, ಮುದುಕರ ಕಣ್ಣಿಗೂ ಕಾಣುವ ಅಕ್ಷರದಲ್ಲಿ ಇರತಕ್ಕದ್ದು. ಶಾಲೆಯ ಬಿಸಿಯೂಟದಲ್ಲಿಯೂ ವಿದ್ಯಾರ್ಥಿನಿಲಯಗಳಲ್ಲಿಯೂ ಉಪ್ಪನ್ನು ಅಂದಾಜಿನಿಂದಲ್ಲದೆ ಅಳತೆಯಿಂದ ಹಾಕತಕ್ಕದ್ದು.

ಅನುಭವವು ನೋವನ್ನು ಹೇಳಬಲ್ಲುದು, ಆರೋಗ್ಯಕ್ಕೆ ಜಾಮೀನು ನಿಲ್ಲಲಾರದು. ಆದುದರಿಂದ ಮೂವತ್ತು ದಾಟಿದ ಪ್ರತಿಯೊಬ್ಬರೂ, ತಮಗೇನೂ ಆಗಿಲ್ಲವೆಂದು ತಿಳಿದವರು ಮೊದಲಾಗಿ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಐದು ನಿಮಿಷ ಶಾಂತರಾಗಿ ಕುಳಿತು, ರಕ್ತದೊತ್ತಡವನ್ನು ಅಳೆಯಿಸಿಕೊಳ್ಳಿರಿ. ಆ ಅಂಕಿಯನ್ನು ಬರೆದಿಡಿರಿ. ಮನೆಯಲ್ಲಿ ಉಪ್ಪಿನ ಡಬ್ಬಿಗೆ ಒಂದು ಅಳತೆಯ ಚಮಚವನ್ನು ಹಾಕಿರಿ. ಇದಕ್ಕೆ ಹಣವೂ ಬೇಡ, ಪಾಂಡಿತ್ಯವೂ ಬೇಡ. ಮನೆಯವರೆಲ್ಲರೂ ಕೂಡಿ ಮಾಡುವ ಮನಸ್ಸೊಂದು ಬೇಕು.