ಬಂಧುಗಳ ಪಂಚಾಯಿತಿಯೂ ಪರರ ಕಿವಿಯೂ

“ಮನೆಯ ಮಾತನ್ನು ಕಂಡುಕೇಳರಿಯದ ಪರರಿಗೆ ಫೋನಿನಲ್ಲಿ ಒಪ್ಪಿಸುವ ಹೆಣ್ಣು ಸಂಸಾರವನ್ನು ಉಳಿಸಿಯಾಳೆ?” ಎಂದು ನಮ್ಮವರೇ ಆದ ಹಿರಿಯರೊಬ್ಬರು ಈ ವಾರ ಕಂಬಂ ಪಟ್ಟಣದಲ್ಲಿ ಹತ್ತಾರು ಜನರ ನಡುವೆ ಕುಳಿತು ಕೇಳಿದರು. ಸುತ್ತಲಿದ್ದವರು ತಲೆದೂಗಿದರು. ಯಾರನ್ನು ಕುರಿತು ಆ ಮಾತು ಹೊರಟಿತೋ ಆ ಹೆಣ್ಣುಮಗಳು ಒಳಗಿನ ಅಡುಗೆಮನೆಯಲ್ಲಿ ನಿಂತು ಅದನ್ನು ಕೇಳುತ್ತಿದ್ದಳು. ಅಲ್ಲಿ ನಾನು ಕೊಟ್ಟ ಉತ್ತರ ಹಿರಿಯರಿಗೆ ರುಚಿಸಲಿಲ್ಲ. ಅದನ್ನೇ ಇಲ್ಲಿ ಇನ್ನಷ್ಟು ವಿಸ್ತಾರವಾಗಿ ಹೇಳುತ್ತೇನೆ.

ತಮಿಳುನಾಡಿನ ಈ ಕಂಬಂ ಕಣಿವೆಯ ಕನ್ನಡಿಗರನ್ನು ಬಲ್ಲವರಿಗೆ ಹೆಚ್ಚಿನ ಪೀಠಿಕೆ ಬೇಡ. ಕಂಬಂ, ಉತ್ತಮಪಾಳಯಂ, ಚಿನ್ನಮನೂರು, ಬೋಡಿನಾಯಕನೂರುಗಳಲ್ಲಿಯೂ ದಿಂಡಿಗಲ್ ಸೀಮೆಯ ಹಳ್ಳಿಗಳಲ್ಲಿಯೂ ಶತಮಾನಗಳ ಹಿಂದೆಯೇ ನೆಲೆಸಿದ ಕಪ್ಪಿಲಿಯರೂ ಒಕ್ಕಲಿಗರೂ ಶಾಲೆಯಲ್ಲಿ ತಮಿಳನ್ನು ಕಲಿತು, ಸಂತೆಯಲ್ಲಿ ತಮಿಳನ್ನಾಡಿ, ಹೊಸ್ತಿಲನ್ನು ದಾಟಿ ಒಳಬಂದೊಡನೆ ಕನ್ನಡಕ್ಕೆ ಮರಳತಕ್ಕವರು. ತುಂಗಭದ್ರಾತೀರದಿಂದ ಬಂದೆವೆಂಬ ಕಪ್ಪಿಲಿಯರ ಐತಿಹ್ಯವನ್ನೂ, ಕಂಬಂನಲ್ಲಿ ಅವರು ಪೋಷಿಸುವ ‘ದೇವರ ಆವು’ಗಳ ಹಿಂಡನ್ನೂ ಜನಾಂಗಶಾಸ್ತ್ರಜ್ಞ ಎಡ್ಗರ್ ಥರ್ಸ್ಟನ್ನನು 1909ರಲ್ಲಿಯೇ ಗ್ರಂಥಸ್ಥಗೊಳಿಸಿದ್ದಾನೆ, ಇಂದಿಗೂ ಪೊಂಗಲಿನ ವೇಳೆ ನಂದಗೋಪಾಲನ ಸನ್ನಿಧಿಯಲ್ಲಿ ಆ ಹಿಂಡಿನ ದರ್ಶನಕ್ಕೆ ಜನ ನೆರೆಯುತ್ತಾರೆ. ಲಿಪಿಯ ಆಸರೆಯಿಲ್ಲದೆ, ರಾಜಾಶ್ರಯವಿಲ್ಲದೆ, ಇಷ್ಟು ದೀರ್ಘಕಾಲ ಒಂದು ನುಡಿ ಬದುಕಿ ಬಂದುದಕ್ಕೆ ಬಂಧುತ್ವದ ಬಿಗಿಯೇ ಮುಖ್ಯ ಕಾರಣವೆಂದು ನಾನು ನಂಬಿದ್ದೇನೆ. ಆ ಬಿಗಿಗೆ ನನ್ನ ನಮಸ್ಕಾರವಿದೆ.

ಆದರೆ ಭಾಷೆಯನ್ನು ಕಾಪಾಡಿದ ಅದೇ ಬಿಗಿ ದಾಂಪತ್ಯದಲ್ಲಿ ನೊಂದವರ ಉಸಿರನ್ನು ಕಟ್ಟಿಸುತ್ತದೆಂಬುದನ್ನು ಹೇಳಲೇಬೇಕಾಗಿದೆ. ಸೋದರಸಂಬಂಧದಲ್ಲಿಯೇ ವಿವಾಹಗಳು ನಡೆಯುವ ಕುಟುಂಬದಲ್ಲಿ ಅತ್ತೆಯೆಂದರೆ ಅನೇಕ ವೇಳೆ ತಂದೆಯ ಒಡಹುಟ್ಟಿದವಳು, ಗಂಡನೆಂದರೆ ತೊಟ್ಟಿಲಿನಿಂದಲೇ ಬಲ್ಲ ಅತ್ತೆಯ ಮಗ. ಅಲ್ಲಿ ಸೊಸೆಗೆ ಒಂದು ದುಃಖವುಂಟಾದರೆ ಅವಳು ತಂದೆಯೊಡನೆ ಅವನ ಅಕ್ಕನ ಮೇಲೆಯೇ ದೂರಬೇಕು. ತಾಯಿಯೊಡನೆ ಹೇಳಿದರೆ ನಾದಿನಿಯರ ಹಳೆಯ ವೈಮನಸ್ಯ ಎದ್ದು ಕೂಡುತ್ತದೆ. ಹಿರಿಯರ ಮುಂದಿಟ್ಟರೆ ಅವರು ಎರಡು ಕಡೆಗೂ ರಕ್ತಸಂಬಂಧಿಗಳು, ಮುಂದಿನ ಮದುವೆಯ ಮಾತುಕತೆಗೂ ಅವರೇ ಮಧ್ಯಸ್ಥರು. ಕೇಳುವ ಪ್ರತಿಯೊಂದು ಕಿವಿಯೂ ವ್ಯಾಜ್ಯದಲ್ಲಿ ಪಾಲುಳ್ಳ ಕಿವಿಯಾಗಿರುವಾಗ, ನ್ಯಾಯ ಹಾಗಿರಲಿ, ಸುಮ್ಮನೆ ಪೂರ್ತಿಯಾಗಿ ಮಾತಾಡಿ ಮುಗಿಸುವುದಕ್ಕಾದರೂ ಅವಳು ಎಲ್ಲಿಗೆ ಹೋಗತಕ್ಕುದು? ಪರರ ಬಳಿಗೆ ಹೋಗುವುದು ಅವಳ ಉದ್ಧಟತನವಲ್ಲ. ಬೇರೆ ದಾರಿಯನ್ನು ನಾವು ಉಳಿಸಿಲ್ಲ.

ಆ ಹೆಣ್ಣುಮಗಳ ವಿಷಯದಲ್ಲಿ ಅವಳೇ ಒಪ್ಪಿ, ಗುರುತು ಮರೆಸಿ ಬರೆಯಿರೆಂದಷ್ಟನ್ನೇ ಬರೆಯುತ್ತೇನೆ. ಗಂಡನಿಗೆ ವೇಡಸಂದೂರಿನ ಕಡೆಯ ನೂಲಿನ ಗಿರಣಿಯಲ್ಲಿ ಪಾಳಿಯ ಕೆಲಸ. ಅವಳು ಕಣಿವೆಯಲ್ಲಿ ಅತ್ತೆಮಾವಂದಿರ ಸೇವೆ, ಮಕ್ಕಳ ಓದು, ಏಲಕ್ಕಿಯ ಧಾರಣೆ ಕುಸಿದ ವರ್ಷದ ಸಾಲ, ಇವೆಲ್ಲವನ್ನೂ ಹೊತ್ತವಳು. ಗಂಡಹೆಂಡಿರ ನಡುವೆ ಉಳಿದಿದ್ದುದು ರಾತ್ರಿಯ ಫೋನು. ಅದರಲ್ಲಿ ಹಣದ ಲೆಕ್ಕ, ಲೆಕ್ಕದಿಂದ ಜಗಳ, ಜಗಳದ ಮೇಲೆ ದಿನಗಟ್ಟಲೆ ಮೌನ. ನಿದ್ರೆ ಹೋಯಿತು, ಎದೆ ನಡುಗತೊಡಗಿತು. ಕೊನೆಗೆ ಬೆಂಗಳೂರಿನ ಒಬ್ಬ ಚಿಕಿತ್ಸಕಿಯನ್ನು ವಾರಕ್ಕೊಮ್ಮೆ ಗೊತ್ತಾದ ಹೊತ್ತಿಗೆ ಫೋನಿನ ಪರದೆಯಲ್ಲಿ ಕಂಡು ಮಾತಾಡತೊಡಗಿದಳು, ತನ್ನ ಮನೆಯ ಕನ್ನಡದಲ್ಲಿಯೇ. ಜಗಳವೆಲ್ಲ ಕನ್ನಡದಲ್ಲಿ ನಡೆದಿರುವಾಗ ಅದನ್ನು ಮತ್ತಾವ ಭಾಷೆಯಲ್ಲಿ ಹೇಳಿದರೂ ಅರ್ಧ ಒಳಗೇ ಉಳಿಯುತ್ತದೆಂದು ಅವಳೆಂದಳು. ಮಾತಾಡುತ್ತಿದ್ದ ಸ್ಥಳವಾದರೋ ತೆಂಗಿನ ತೋಟದ ಪಂಪುಮನೆ. ಏಕೆಂದರೆ ವಾಸದ ಮನೆಯಲ್ಲಿ ಅಗುಳಿ ಹಾಕಿಕೊಳ್ಳಬಹುದಾದ ಕೋಣೆ ಅವಳ ಪಾಲಿಗಿಲ್ಲ.

ಆ ಚಿಕಿತ್ಸಕಿ ಮಾಡಿದುದೇನು? ಗಂಡನನ್ನು ಬಿಡೆಂದಳೆ? ಇಲ್ಲ. ಯಾರದು ತಪ್ಪೆಂದು ತೀರ್ಪಿತ್ತಳೆ? ಅದೂ ಇಲ್ಲ. ಜಗಳದ ಮೊದಲ ಮಾತು ಯಾವುದು, ಅದನ್ನು ಕೇಳಿದಾಗ ಮನಸ್ಸಿನಲ್ಲಿ ಮೂಡಿದ ಭಾವನೆ ಯಾವುದು, ಆ ಭಾವನೆಗೆ ಆಧಾರವಿತ್ತೆ ಎಂಬುದನ್ನು ಬರೆದಿಡಹೇಳಿದಳು. ರಾತ್ರಿಪಾಳಿ ಮುಗಿಸಿ ದಣಿದವನೊಡನೆ ಸಾಲದ ಮಾತನ್ನು ತೆಗೆಯದೆ ಅದಕ್ಕೊಂದು ಬೇರೆ ಹೊತ್ತನ್ನು ಗೊತ್ತುಮಾಡಿಸಿದಳು. ಕ್ರಮೇಣ ಗಂಡನನ್ನೂ ಮಾತಿಗೆ ಕರೆದಳು, ಅವನು ಗಿರಣಿಯ ವಸತಿಯಿಂದಲೇ ಬಂದು ಕೂಡಿದನು. ಸಾಲ ಇನ್ನೂ ತೀರಿಲ್ಲ; ಮೌನ ಮಾತ್ರ ತೀರಿದೆ.

ದೂರದಿಂದ ಮನಸ್ಸನ್ನು ತಿಳಿಯಲಾದೀತೆ ಎಂಬವರುಂಟು. ಚೆನ್ನೈಯ ‘ಸ್ಕಾರ್ಫ್’ ಎಂಬ ಮಾನಸಿಕ ಆರೋಗ್ಯ ಸಂಸ್ಥೆ 2010ರಷ್ಟು ಹಿಂದೆಯೇ ಪುದುಕೋಟೆಯ ಹಳ್ಳಿಗಳಿಗೆ ಬಸ್ಸೊಂದನ್ನು ಕಳುಹಿಸಿ, ಅದರೊಳಗಿನ ಪರದೆಯಲ್ಲಿ ನಗರದ ಮನೋವೈದ್ಯರನ್ನು ಗ್ರಾಮಸ್ಥರ ಮುಂದೆ ಕೂರಿಸಿತು. ಉನ್ಮಾದದಂಥ ಘೋರವ್ಯಾಧಿಗಳಿಗೇ ಆ ಮಾರ್ಗ ಒದಗಿದ ಮೇಲೆ ಕಳವಳಕ್ಕೂ ಮನಸ್ತಾಪಕ್ಕೂ ಒದಗಲಾರದೆ? 2022ರ ಅಕ್ಟೋಬರ್ 10ರಂದು ಆರಂಭವಾಗಿ, ಬೆಂಗಳೂರಿನ ನಿಮ್ಹಾನ್ಸ್ ಮುಂದಾಳುತನದಲ್ಲಿ ನಡೆಯುತ್ತಿರುವ ಮಾನಸಿಕ ಆರೋಗ್ಯದ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಯೂ ವಾಚಕರಿಗೆ ತಿಳಿದದ್ದೇ. ಅದು ಹಗಲಿರುಳೂ ಉಚಿತ.

ದೂರಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಅಯೋಗ್ಯರ ಭಯ. ಕೆಲವೇ ದಿನಗಳ ತರಬೇತಿಯ ಪ್ರಮಾಣಪತ್ರವನ್ನು ತಗುಲಿಸಿಕೊಂಡು ಆಪ್ತಸಲಹೆಗಾರರೆಂದು ಜಾಹೀರಾತು ಕೊಡುವವರನ್ನು ನಾನು ಬಹುಕಾಲದಿಂದ ಖಂಡಿಸುತ್ತ ಬಂದಿದ್ದೇನೆ, ಮುಂದೆಯೂ ಖಂಡಿಸುವೆನು. ಚಿಕಿತ್ಸಾ ಮನಶ್ಶಾಸ್ತ್ರಜ್ಞರೆನ್ನುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಣಿಯಾಗಿದ್ದಾರೆಯೆ ಎಂದು ಮೊದಲ ದಿನವೇ ಕೇಳಬೇಕು. ಪ್ರಾಣಾಪಾಯ ಒದಗಿದರೆ ಯಾರಿಗೆ ತಿಳಿಸಬೇಕೆಂಬುದನ್ನು ಮೊದಲೇ ವಿಚಾರಿಸಿಕೊಳ್ಳದವರನ್ನು ಬಿಟ್ಟುಬಿಡಬೇಕು. ಹೊಡೆತಬಡಿತವಿರುವ ಮನೆಗಂತೂ ಮಾತು ಮದ್ದಲ್ಲ. ಅಲ್ಲಿಗೆ 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯಿದೆಯಿದೆ.

ಇಷ್ಟಾದ ಮೇಲೆ ಗೋಪ್ಯದ ಪ್ರಶ್ನೆ. 2017ರ ಮಾನಸಿಕ ಆರೋಗ್ಯ ಸಂರಕ್ಷಣಾ ಕಾಯಿದೆಯ 23ನೆಯ ಪ್ರಕರಣ ಮಾನಸಿಕ ಅಸ್ವಾಸ್ಥ್ಯವುಳ್ಳವರಿಗೆ ಗೋಪ್ಯತೆಯನ್ನು ಹಕ್ಕಾಗಿ ಕೊಟ್ಟಿದೆ. ಜೀವಾಪಾಯದಂಥ ಕೆಲವು ಸಂದರ್ಭಗಳನ್ನು ಬಿಟ್ಟರೆ ಚಿಕಿತ್ಸಕರು ಕೇಳಿದುದನ್ನು ಹೊರಗೆಡಹುವಂತಿಲ್ಲ. ನಮ್ಮ ಬಂಧುಗಳನ್ನು ಯಾವ ಪ್ರಕರಣ ಕಟ್ಟಿಹಾಕಿದೆ? ಬೆಳಿಗ್ಗೆ ಚಿಕ್ಕಮ್ಮನ ಮುಂದೆ ಅತ್ತ ಮಾತು ಸಂಜೆಯೊಳಗೆ ಬೋಡಿನಾಯಕನೂರನ್ನು ಮುಟ್ಟಿ, ಮರುದಿನ ದಿಂಡಿಗಲ್ಲಿನಲ್ಲಿ ಎರಡರಷ್ಟಾಗಿ, ವಾರದ ಕೊನೆಗೆ ಗಂಡನ ಕಿವಿಗೆ ಬೇರೆಯೇ ರೂಪದಲ್ಲಿ ಬೀಳುವುದನ್ನು ಕಾಣದವರಾರು?

ನಮ್ಮ ಸಮಾಜದ ಸಂಘಗಳು ಕಲ್ಯಾಣಮಂಟಪಗಳಿಗೆ ಚಂದಾ ಎತ್ತುವುದರಲ್ಲಿ ಎಂದೂ ದಣಿದವಲ್ಲ. ಪ್ರತಿಯೊಂದು ಮಂಟಪದಲ್ಲಿಯೂ ಬಾಗಿಲೂ ಅಗುಳಿಯೂ ಅಂತರ್ಜಾಲವೂ ಉಳ್ಳ ಒಂದು ಕೋಣೆಯನ್ನು ಅವರು ಮೀಸಲಿಡಲಿ. ಚಿಕಿತ್ಸಕರೊಡನೆ ಮಾತಾಡಬೇಕೆನ್ನುವವರು ಪಂಪುಮನೆಗಳನ್ನು ಹುಡುಕಿಕೊಂಡು ಹೋಗದೆ ಅಲ್ಲಿ ಬಂದು ಕೂರಲಿ. ಮದುವೆ ಮಾಡಿಸುವುದರಲ್ಲಿ ಹಿರಿಯರು ತೋರುವ ಉತ್ಸಾಹದ ಶತಾಂಶವನ್ನು, ಮದುವೆಯಾದವರ ಮಾತಿಗೆ ಕದ್ದು ಕಿವಿಗೊಟ್ಟು ನಿಲ್ಲದಿರುವುದರಲ್ಲಿ ತೋರಿದರೆ, ಈ ಕಣಿವೆಯ ಅರ್ಧದಷ್ಟು ಸಂಸಾರಗಳಿಗೆ ಚಿಕಿತ್ಸೆಯೇ ಬೇಕಾಗಲಾರದು.