ಮರವೇರಿದುದೆಲ್ಲ ಬದನಿಕೆಯಲ್ಲ

ಕೊಂಬೆಯ ಮೇಲೆ ಮರದ್ದಲ್ಲದ ಹಸುರು ಕಂಡರೆ ನಮ್ಮಲ್ಲಿ ಅದನ್ನು ಬದನಿಕೆ ಎಂದು ಕರೆದು ಕಡಿದುಹಾಕುವುದು ವಾಡಿಕೆ. ಬದನಿಕೆಯ ಮಟ್ಟಿಗೆ ಈ ಕೋಪ ನ್ಯಾಯವಾದುದೇ. ಆದರೆ ಅದರೊಡನೆ ನಿರಪರಾಧಿಯಾದ ಇನ್ನೊಂದು ಗಿಡವೂ ದಂಡನೆಗೆ ಗುರಿಯಾಗುತ್ತಿದೆ. ಅದರ ಪರವಾಗಿ ನಾಲ್ಕು ಮಾತು ಹೇಳುವುದು ಅವಶ್ಯಕವೆಂದು ನಮಗೆ ತೋರುತ್ತದೆ.

ರಾಯಚೂರು ಸೀಮೆಯ ಯಾಪಲದಿನ್ನಿಯ ಹೆಸರು ಕೇಳಿದರೆ ಬೇವು ನೆನಪಾಗುತ್ತದೆ. ತೆಲಂಗಾಣದ ಆಡುಮಾತಿನಲ್ಲಿ ಬೇವಿಗೆ ಯಾಪ ಎನ್ನುವರು. ಇಂತಹ ಬಯಲುಸೀಮೆಯ ಬೇವು, ಮಾವುಗಳನ್ನು ಕಾಡುವ ಬದನಿಕೆಯ ಶಾಸ್ತ್ರೀಯ ನಾಮ ಡೆಂಡ್ರಾಫ್ತೆ ಫಾಲ್ಕೇಟ. ಬದನಿಕೆ ಹಕ್ಕಿ ಅದರ ಅಂಟುಬೀಜವನ್ನು ಕೊಂಬೆಗೆ ಒರಸಿಹೋಗುತ್ತದೆ. ಬೀಜ ಮೊಳೆತು, ಹೀರುಬೇರನ್ನು ತೊಗಟೆಯೊಳಕ್ಕೆ ಇಳಿಸಿ, ಮರದ ನೀರನ್ನೂ ಲವಣಗಳನ್ನೂ ಕದಿಯುತ್ತದೆ. ಇದು ಪರಾವಲಂಬಿ.

ವಂದಾ ಟೆಸೆಲ್ಲಾಟ ಎಂಬ ಆರ್ಕಿಡ್ಡಿನ ರೀತಿಯೇ ಬೇರೆ. ದಖ್ಖನಿನ ಒಣನಾಡಿನ ಮರಗಳ ಮೇಲೆಯೂ ಬಾಳಬಲ್ಲ ಈ ಗಿಡ ಮರದಿಂದ ಬಯಸುವುದು ಕುಳಿತುಕೊಳ್ಳಲು ಜಾಗವನ್ನು ಮಾತ್ರ. ಇದು ಅಪ್ಪುಗಿಡ. ಇದರ ಬೇರುಗಳು ತೊಗಟೆಯನ್ನು ಅಪ್ಪಿಕೊಂಡಿರುತ್ತವೆ, ಒಳಹೊಗುವುದಿಲ್ಲ. ಬದನಿಕೆ ಕೂಡಿದ ಕಡೆ ಕೊಂಬೆ ಗಂಟಿನಂತೆ ಊದಿರುತ್ತದೆ. ವಂದಾದ ಕೆಳಗೆ ಅಂತಹ ಗಂಟಿಲ್ಲ. ಪಟ್ಟಿಯಂತಹ ದಪ್ಪ ಎಲೆಗಳು ಎರಡು ಸಾಲಾಗಿ ಜೋಡಿಸಿರುತ್ತವೆ. ಹಳದಿ ಮಿಶ್ರಿತ ಕಂದು ಬಣ್ಣದ, ಚೌಕುಳಿ ಗೆರೆಗಳ ಪರಿಮಳದ ಹೂವನ್ನು ಒಮ್ಮೆ ಕಂಡವರು ಮರೆಯಲಾರರು.

ಈ ಗೊಂದಲ ಹೊಸದಲ್ಲ. ಸಂಸ್ಕೃತದಲ್ಲಿ ಮರದ ಮೇಲೆ ಬೆಳೆಯುವ ಗಿಡಗಳಿಗೆ ವಂದಾ ಎಂಬ ಹೆಸರಿತ್ತು. ಬದನಿಕೆಗೂ ಅದೇ ಹೆಸರು. 18ನೆಯ ಶತಮಾನದ ಕೊನೆಯಲ್ಲಿ ವಿಲಿಯಂ ಜೋನ್ಸರು ಆ ಪದವನ್ನೇ ಆರ್ಕಿಡ್ಡಿಗೆ ಬಳಸಿದರು. ಹೆಸರು ಒಂದಾದುದರಿಂದ ಗುಣವೂ ಒಂದೇ ಎಂದು ಭಾವಿಸುವುದು ವಿಜ್ಞಾನದ ಮಾರ್ಗವಲ್ಲ.

ಹಾಗಾದರೆ ಈ ಗಿಡ ಗಾಳಿಯನ್ನೇ ಕುಡಿದು ಬದುಕುವುದೆ? ಇಲ್ಲ. ಬೇರಿನ ಹೊರಮೈಯಲ್ಲಿ ನಿರ್ಜೀವ ಕೋಶಗಳ, ಸ್ಪಂಜಿನಂತಹ ಹೊದಿಕೆಯಿದೆ. ಇದಕ್ಕೆ ವೆಲಾಮೆನ್ ಎಂದು ಹೆಸರು. ಮಳೆನೀರನ್ನೂ, ಅದರಲ್ಲಿ ಕರಗಿದ ಧೂಳಿನ ಲವಣಗಳನ್ನೂ ಅದು ಬೇಗನೆ ಹೀರಿಕೊಳ್ಳುತ್ತದೆ. ಒಣಬೇರಿಗೆ ನೀರು ಚಿಮುಕಿಸಿ ನೋಡಿರಿ: ಬಿಳಿಯ ಬೇರು ನೋಡನೋಡುತ್ತಲೇ ಹಸುರಾಗುತ್ತದೆ. ಇಂತಹ ದಪ್ಪ ಎಲೆಯ ಎಷ್ಟೋ ಆರ್ಕಿಡ್ಡುಗಳು ಹಗಲಿನ ಬಿಸಿಲಿನಲ್ಲಿ ಪತ್ರರಂಧ್ರಗಳನ್ನು ಮುಚ್ಚಿಕೊಂಡು, ರಾತ್ರಿಯಲ್ಲಿ ಇಂಗಾಲದ ಡೈಆಕ್ಸೈಡನ್ನು ಒಳಗೆಳೆದು ಆಮ್ಲರೂಪದಲ್ಲಿ ಕೂಡಿಡುತ್ತವೆ. ನೀರಿನ ವಿಷಯದಲ್ಲಿ ಇದಕ್ಕಿಂತ ಮಿತವ್ಯಯ ಉಂಟೆ?

ಇದನ್ನು ಬೆಳೆಸುವುದು ಕಷ್ಟವಲ್ಲ. ಕುಂಡಕ್ಕೆ ಮಣ್ಣು ತುಂಬಿ ನಡುವುದೇ ಎಲ್ಲರೂ ಮಾಡುವ ತಪ್ಪು. ಮಣ್ಣಿನಲ್ಲಿ ಬೇರು ಉಸಿರುಗಟ್ಟಿ ಕೊಳೆಯುತ್ತದೆ. ಮುಂಗಾರಿನ ಆರಂಭದಲ್ಲಿ, ಒರಟು ತೊಗಟೆಯ ಬೇವಿಗೋ ಮಾವಿಗೋ, ಬೆಳಗಿನ ಬಿಸಿಲು ಬೀಳುವ ಕಡೆ ತೆಂಗಿನ ನಾರಿನ ಹಗ್ಗದಿಂದ ಕಟ್ಟಿದರೆ ಸಾಕು. ಮರವಿಲ್ಲದವರು ಮರದ ಪಟ್ಟಿಗಳ ಬುಟ್ಟಿಯಲ್ಲಿ ಇದ್ದಿಲು, ಇಟ್ಟಿಗೆ ಚೂರುಗಳನ್ನು ಹಾಕಿ ತೂಗುಬಿಡಬಹುದು. ರಾಯಚೂರಿನ ಬೇಸಗೆಯಲ್ಲಿ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ದಾಟುವುದರಿಂದ ಮಧ್ಯಾಹ್ನ ನೆರಳು ಬೇಕು. ಪ್ರತಿದಿನ ಬೆಳಿಗ್ಗೆ ಬೇರು ಹಸುರಾಗುವವರೆಗೆ ನೀರು ಚಿಮುಕಿಸಬೇಕು. ಗಡಸುನೀರಿನ ಉಪ್ಪು ಬೇರಿಗೆ ಹಾನಿಕರ. ಕೂಡಿಟ್ಟ ಮಳೆನೀರೇ ಉತ್ತಮ.

ಆದರೆ ಗಿಡವನ್ನು ಎಲ್ಲಿಂದ ತರಬೇಕು? ಕಾಡಿನಿಂದ ಕಿತ್ತು ತರಬೇಡಿರಿ ಎಂಬುದೇ ನಮ್ಮ ಆಗ್ರಹ. ಆರ್ಕಿಡ್ಡಿನ ಬೀಜ ಧೂಳಿನಷ್ಟು ಸಣ್ಣದು. ಒಳಗೆ ಆಹಾರದ ಸಂಗ್ರಹವಿಲ್ಲ. ಮಣ್ಣಿನಲ್ಲೋ ತೊಗಟೆಯಲ್ಲೋ ತಕ್ಕ ಶಿಲೀಂಧ್ರ ದೊರೆತರೆ ಮಾತ್ರ ಅದು ಮೊಳೆಯುವುದೆಂಬುದನ್ನು ಫ್ರಾನ್ಸಿನ ನೋಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡರು. ಅಸಂಖ್ಯ ಬೀಜಗಳಲ್ಲಿ ಗಿಡವಾಗುವುದು ಎಲ್ಲೋ ಒಂದು. ಅಮೆರಿಕದ ಲೂಯಿಸ್ ನಡ್ಸನ್ 1922ರಲ್ಲಿ ಸಕ್ಕರೆ ಬೆರೆಸಿದ ಅಗರ್ ಮೇಲೆ ಶಿಲೀಂಧ್ರವಿಲ್ಲದೆಯೇ ಬೀಜ ಮೊಳೆಯಿಸಿ ತೋರಿಸಿದ ಮೇಲೆ, ಪ್ರಯೋಗಶಾಲೆಯಲ್ಲಿ ಬೆಳೆಸಿದ ಸಸಿಗಳು ಸಸ್ಯಾಲಯಗಳಿಗೆ ಬರತೊಡಗಿದವು. ಅವನ್ನು ಕೊಳ್ಳಿರಿ; ಇಲ್ಲವೆ ಮುರಿದುಬಿದ್ದ ಕೊಂಬೆಯ ಗಿಡವನ್ನು ಅನುಮತಿ ಪಡೆದು ಉಳಿಸಿಕೊಳ್ಳಿರಿ.

ಇಂದು ಪೇಟೆಗಳಲ್ಲಿ ಅಮೆರಿಕ ಮೂಲದ ಟಿಲ್ಯಾಂಡ್ಸಿಯ ‘ಏರ್ ಪ್ಲಾಂಟ್’ ಎಂಬ ಹೆಸರಿನಿಂದ ಮಾರಾಟವಾಗುತ್ತಿದೆ. ಅದರ ಎಲೆಯ ಹುರುಪೆಗಳು ನೀರು ಹೀರುವ ಪರಿಯೂ ಅಭ್ಯಾಸಯೋಗ್ಯವಾದುದೇ. ಆದರೆ ಕಡಲಾಚೆಯ ಗಾಳಿಗಿಡಕ್ಕೆ ಹಣ ತೆತ್ತು, ನಮ್ಮ ಗಾಳಿಗಿಡಕ್ಕೆ ಕೊಡಲಿ ತೋರಿಸುವುದು ಯಾವ ವಿವೇಕ? ಊರಿನ ಮರಗಳನ್ನು ಪ್ರತಿ ವಿದ್ಯಾರ್ಥಿಯೂ ಒಮ್ಮೆ ತಲೆಯೆತ್ತಿ ನೋಡಲಿ. ಕಡಿಯುವವರಿಗೆ ಕಳ್ಳ ಯಾರು, ಅತಿಥಿ ಯಾರು ಎಂಬುದನ್ನು ತಿಳಿಸಿಹೇಳಲಿ.