ಲಾಕ್‌ಡೌನಿನಲ್ಲಿ ಲಂಡನ್ನಿನ ಕಳ್ಳರು

ಮೂವತ್ತಮೂರು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದವನು ನಾನು. ಅಷ್ಟು ವರ್ಷವೂ ಮಕ್ಕಳಿಗೆ ತಪ್ಪದೆ ಹೇಳಿದ ಬುದ್ಧಿಮಾತುಗಳಲ್ಲಿ ಒಂದು, ಹೊಡೆದಾಟ ಬಡಿದಾಟದ ಸಿನಿಮಾಗಳನ್ನು ನೋಡಬೇಡಿ ಎಂಬುದು. ಟಾಕೀಸಿನ ಎದುರು ಮಚ್ಚು ಲಾಂಗುಗಳ ಪೋಸ್ಟರು ಕಂಡರೆ ಮುಖ ತಿರುಗಿಸಿಕೊಂಡು ನಡೆಯುತ್ತಿದ್ದ ಮೇಷ್ಟ್ರು ಎಂದು ಹಳೆಯ ವಿದ್ಯಾರ್ಥಿಗಳು ಈಗಲೂ ತಮಾಷೆ ಮಾಡುವುದುಂಟು. ಅಂಥವನು 2020ರ ಏಪ್ರಿಲ್ ತಿಂಗಳ ಒಂದು ರಾತ್ರಿ ಇಂಗ್ಲೆಂಡಿನ ಕಳ್ಳಕಾಕರ ಚಿತ್ರವೊಂದನ್ನು ನೋಡಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ. ನಕ್ಕದ್ದು ಸರಿಯೇ ತಪ್ಪೇ ಎಂದು ಆಮೇಲೆ ಬಹಳ ದಿನ ಯೋಚಿಸಿದೆ. ಆ ಯೋಚನೆ ಎಲ್ಲಿಗೆ ಬಂದು ನಿಂತಿತೆಂಬುದನ್ನು ಹೇಳಲು ಈ ಬರಹ.

ಆ ದಿನಗಳು ಹೇಗಿದ್ದವೆಂಬುದನ್ನು ಯಾರೂ ಮರೆತಿರಲಾರರು. ಆಗ ರಾಜ್ಯದ ಮುಖ್ಯಮಂತ್ರಿಗಳಾಗಿದ್ದವರು ನಮ್ಮ ಕ್ಷೇತ್ರದ ಶಾಸಕರೇ ಆದ ಯಡಿಯೂರಪ್ಪನವರು. ಮಾರ್ಚ್ 14ರಿಂದ ಒಂದು ವಾರ ಚಿತ್ರಮಂದಿರ, ಮಾಲ್‌ಗಳನ್ನು ಮುಚ್ಚಲಾಗುವುದೆಂದು ಅವರು ಪ್ರಕಟಿಸಿದಾಗ, ಒಂದು ವಾರ ತಾನೇ ಎಂದುಕೊಂಡಿದ್ದೆವು. 22ರಂದು ಜನತಾ ಕರ್ಫ್ಯೂ ಬಂತು. 24ರ ರಾತ್ರಿ ಎಂಟು ಗಂಟೆಗೆ ಪ್ರಧಾನಿಯವರು ಇಡೀ ದೇಶಕ್ಕೆ 21 ದಿನಗಳ ಲಾಕ್‌ಡೌನ್ ಘೋಷಿಸಿದರು. 27ಕ್ಕೆ ಆರಂಭವಾಗಬೇಕಿದ್ದ ಎಸ್.ಎಸ್.ಎಲ್.ಸಿ. ಪರೀಕ್ಷೆ ಮುಂದಕ್ಕೆ ಹೋಯಿತು. ಮಾರ್ಚ್ ಕೊನೆಯ ವಾರದಲ್ಲಿ ಪರೀಕ್ಷೆಯ ಗಂಟೆ ಕೇಳಿಸದ ವರ್ಷವೊಂದು ಬರಬಹುದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಹುಚ್ಚರಾಯಸ್ವಾಮಿ ದೇವಸ್ಥಾನದ ಬಾಗಿಲು ಮುಚ್ಚಿತ್ತು. ಬಸ್ ನಿಲ್ದಾಣದಲ್ಲಿ ಶಿರಾಳಕೊಪ್ಪ, ಸೊರಬ ಎಂದು ಕೂಗುವವರಿರಲಿಲ್ಲ. ಊರಿಗೆ ಊರೇ ಉಸಿರು ಬಿಗಿಹಿಡಿದು ಕುಳಿತಂತಿತ್ತು.

ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗ ಲ್ಯಾಪ್‌ಟಾಪು ಹಿಡಿದುಕೊಂಡು ಊರಿಗೆ ಬಂದಿದ್ದ. ಸಂಜೆಯಾದರೆ ನಾನು ಟಿ.ವಿ.ಯ ಮುಂದೆ ಕುಳಿತು ಎಷ್ಟು ಜನರಿಗೆ ಸೋಂಕು, ಎಷ್ಟು ಸಾವು ಎಂದು ಲೆಕ್ಕ ಹಾಕುತ್ತಿದ್ದುದನ್ನು ನೋಡಿ ನೋಡಿ ಅವನಿಗೆ ಬೇಸರ ಬಂದಿರಬೇಕು. ಒಂದು ರಾತ್ರಿ, "ಅಪ್ಪಾಜಿ, ಆ ಲೆಕ್ಕ ಸಾಕು. ಇದೊಂದು ಸಿನಿಮಾ ನೋಡಿ. ಹತ್ತು ನಿಮಿಷ ನೋಡಿ ಬೇಡವೆನಿಸಿದರೆ ನಿಲ್ಲಿಸೋಣ" ಎಂದ. ಚಿತ್ರದ ಹೆಸರು 'ಸ್ನ್ಯಾಚ್'. ಗೈ ರಿಚಿ ಎಂಬ ನಿರ್ದೇಶಕ 2000ದಲ್ಲಿ ತೆಗೆದದ್ದು.

ಕಥೆಯನ್ನು ಪೂರ್ತಿ ಹೇಳುವುದು ನನ್ನಿಂದಾಗದು. ಅಷ್ಟು ವೇಗ! ಬೆಲ್ಜಿಯಂ ದೇಶದ ಆಂಟ್‌ವರ್ಪ್ ನಗರದಲ್ಲಿ ಕದ್ದ ದೊಡ್ಡ ವಜ್ರವೊಂದು ಲಂಡನ್ನಿಗೆ ಬರುತ್ತದೆ. ಅದರ ಹಿಂದೆ ಬಿದ್ದವರು ಹಲವರು, ಒಬ್ಬರಿಗಿಂತ ಒಬ್ಬರು ದಡ್ಡರು. ಇನ್ನೊಂದು ಕಡೆ ಕಾನೂನುಬಾಹಿರ ಮುಷ್ಟಿಯುದ್ಧದ ಪಂದ್ಯಗಳನ್ನು ಏರ್ಪಡಿಸುವ ಇಬ್ಬರು ಸಣ್ಣ ಆಸಾಮಿಗಳು ಒಬ್ಬ ದುಷ್ಟನ ಕೈಗೆ ಸಿಕ್ಕಿಕೊಂಡಿದ್ದಾರೆ. ನಡುವೆ ಒಂದು ನಾಯಿ ಬೇರೆ. ಒಂದು ಕಾರಿನ ಕಿಟಕಿಯಿಂದ ಹೊರಗೆಸೆದ ಹಾಲಿನ ಪೊಟ್ಟಣ ಇನ್ನೊಂದು ಕಾರಿನ ಗಾಜಿಗೆ ಬಡಿದು, ಆ ಕಾರು ಅಪಘಾತಕ್ಕೀಡಾಗಿ, ಅದರಿಂದ ಪಾರಾದವನೊಬ್ಬ ಮೂರನೆಯ ಕಾರಿಗೆ ಸಿಕ್ಕಿಕೊಳ್ಳುತ್ತಾನೆ. ಒಂದೇ ಘಟನೆಯನ್ನು ಮೂರು ಕಾರುಗಳ ಒಳಗಿನಿಂದ ತೋರಿಸುವ ಆ ದೃಶ್ಯಕ್ಕೆ ನಾನು ನಕ್ಕ ಸದ್ದಿಗೆ ಮಲಗಿದ್ದ ನನ್ನ ಪತ್ನಿ ಎದ್ದು ಬಂದು, "ಏನಾಯಿತು ನಿಮಗೆ?" ಎಂದು ಕೇಳಿದಳು.

ಚಿತ್ರದ ಇಂಗ್ಲಿಷು ನನಗೆ ಕಾಲುಭಾಗವೂ ಅರ್ಥವಾಗಲಿಲ್ಲ. ನಾವು ಓದಿದ ಇಂಗ್ಲಿಷೇ ಬೇರೆ, ಲಂಡನ್ನಿನ ಬೀದಿಯ ಇಂಗ್ಲಿಷೇ ಬೇರೆ. ಕೆಳಗೆ ಬರುವ ಅಕ್ಷರಗಳನ್ನು ಓದಿಕೊಂಡೇ ನೋಡಿದೆ. ಕ್ಯಾರವಾನ್ ಗಾಡಿಗಳಲ್ಲಿ ವಾಸಿಸುವ ಅಲೆಮಾರಿ ಪಂಗಡದ ಮಿಕ್ಕಿ ಎಂಬ ತರುಣನ ಪಾತ್ರವನ್ನು ಬ್ರ್ಯಾಡ್ ಪಿಟ್ ಮಾಡಿದ್ದಾನೆ. ಅವನ ಮಾತು ಚಿತ್ರದೊಳಗಿನ ಲಂಡನ್ನಿಗರಿಗೂ ಅರ್ಥವಾಗುವುದಿಲ್ಲ ಎಂಬುದನ್ನು ಕಂಡು ನನಗೆ ಸಮಾಧಾನವೇ ಆಯಿತು.

ಮರುದಿನ ಬೆಳಿಗ್ಗೆ ಮನಸ್ಸು ಕುಟುಕಿತು. ಹೊರಗೆ ಜನ ಸಾಯುತ್ತಿದ್ದಾರೆ. ಒಳಗೆ ಕುಳಿತ ನಾನು ಸಾವುಗಳನ್ನು ನೋಡಿ ನಗುತ್ತಿದ್ದೇನೆ. ಇದು ಎಂಥ ಮೇಷ್ಟ್ರಿಗೆ ಒಪ್ಪುವ ನಡತೆ? ಬಹುಶಃ ಭಯವನ್ನು ಮರೆಯಲು ನಕ್ಕಿರಬೇಕೆಂದು ಸಮಾಧಾನ ಹೇಳಿಕೊಂಡೆ. ಕಾಲ ನಿಂತುಹೋದಂತಿದ್ದ ದಿನಗಳಲ್ಲಿ ಅಂಥ ವೇಗದ ಚಿತ್ರ ಹಿತವೆನಿಸಿದ್ದು ಸಹಜ. ಆದರೆ ಅದಷ್ಟೇ ಕಾರಣವಲ್ಲವೆಂದು ನನಗೆ ಹೊಳೆದದ್ದು ಆರೋಗ್ಯ ಇಲಾಖೆಯ ದಿನದ ಪ್ರಕಟಣೆಯನ್ನು ಮತ್ತೆ ಓದುವಾಗ.

ನೆನಪಿರಬಹುದು, ನಮ್ಮ ರಾಜ್ಯದಲ್ಲಿ ಸೋಂಕಿತರಿಗೆ ಪಿ-1, ಪಿ-2 ಎಂದು ಸಂಖ್ಯೆ ಕೊಡುತ್ತಿದ್ದರು. ಇಂಥ ಸಂಖ್ಯೆಯವರು ಇಂಥ ಸಂಖ್ಯೆಯವರ ಸಂಪರ್ಕಿತರು ಎಂದು ಬರೆಯುತ್ತಿದ್ದರು. ಅದರಲ್ಲಿ ತಪ್ಪಿಲ್ಲ. ರೋಗಿಯ ಹೆಸರು ಬಹಿರಂಗವಾದರೆ ಅವರ ಮನೆಯವರಿಗೆ ಬೀದಿಯಲ್ಲಿ ಏನಾಗುತ್ತಿತ್ತೆಂಬುದನ್ನು ನಾವೆಲ್ಲ ಬಲ್ಲೆವು. ಗುಟ್ಟು ಕಾಪಾಡುವುದು ದಯೆಯೇ ಆಗಿತ್ತು. ಆದರೂ ಸಂಖ್ಯೆ ಮೂರಂಕಿಯಾಗಿ, ಆರಂಕಿಯಾಗಿ, ಮರುವರ್ಷ ಏಳಂಕಿಯಾದಾಗ ಮನುಷ್ಯರು ಎಲ್ಲಿ ಹೋದರೆಂದು ನನಗೆ ಗಾಬರಿಯಾಗುತ್ತಿತ್ತು. ಆ ಚಿತ್ರದಲ್ಲಿಯೋ, ಚಿಲ್ಲರೆ ಕಳ್ಳನಿಗೂ ಒಂದು ಹೆಸರಿದೆ, ಅಡ್ಡಹೆಸರಿದೆ, ತನ್ನದೇ ನಡಿಗೆಯಿದೆ, ಮಾತಿನ ವರಸೆಯಿದೆ. ನಾಲ್ಕು ಬೆರಳಿನ ಫ್ರಾಂಕಿ ಎಂದರೆ ಅವನೊಬ್ಬನೇ. ಸಾಯುವ ಕಳ್ಳನನ್ನು ಆ ಚಿತ್ರ ಹಗುರವಾಗಿ ಕಾಣುತ್ತದೆ ನಿಜ, ಆದರೆ ಯಾರೋ ಒಬ್ಬನೆಂದು ಕಾಣುವುದಿಲ್ಲ.

ನೆರೆಯ ಸೊರಬ ತಾಲ್ಲೂಕಿನವರಿಗೆ ಈ ಮಾತು ಬೇಗ ಅರ್ಥವಾದೀತು. 1957ರಲ್ಲಿ ಅಲ್ಲಿಯ ಕ್ಯಾಸನೂರಿನ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದವು. ಕಾಡಿಗೆ ಹೋಗಿ ಬಂದ ಜನ ಜ್ವರದಿಂದ ಹಾಸಿಗೆ ಹಿಡಿದರು. ಉಣುಗುಗಳ ಮೂಲಕ ಹರಡುವ ಹೊಸ ವೈರಾಣು ಅದೆಂದು ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಕಂಡುಹಿಡಿದರು. ನಾವು ಮಂಗನ ಕಾಯಿಲೆ ಎನ್ನುವ ಅದಕ್ಕೆ ಜಗತ್ತಿನ ವೈದ್ಯಶಾಸ್ತ್ರದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಎಂದೇ ಹೆಸರು. ಹೀಗೆ ಊರಿನ ಹೆಸರು ಪುಸ್ತಕ ಸೇರಿತು. ಸೌದೆಗೆಂದು ಕಾಡಿಗೆ ಹೋಗಿ ಜ್ವರ ಹೊತ್ತು ತಂದು ಸತ್ತವರ ಹೆಸರು ಅವರ ಮನೆಗಳಲ್ಲಿಯಾದರೂ ಈಗ ಎಷ್ಟು ಜನಕ್ಕೆ ನೆನಪಿದೆಯೋ.

ಎರಡನೆಯ ಅಲೆ ನಮ್ಮ ಮನೆಯ ಹತ್ತಿರಕ್ಕೇ ಬಂತು. 2021ರ ಮೇ ತಿಂಗಳಲ್ಲಿ, ನನ್ನೊಡನೆ ಹತ್ತೊಂಬತ್ತು ವರ್ಷ ಗಣಿತ ಕಲಿಸಿದ ಗೆಳೆಯರು ಎಂಟು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಅವರಿಂದ ಲೆಕ್ಕ ಕಲಿತವರು ಸಾವಿರಾರು ಜನ. ಅಂತ್ಯಕ್ರಿಯೆಯಲ್ಲಿ ಇದ್ದವರು ಐದು ಮಂದಿ. ಮಗ ದೂರ ನಿಂತು ನೋಡಿದನಂತೆ. ನಾನು ಹೋಗಲಿಲ್ಲ. ಹೋಗಲು ಬಿಡಲಿಲ್ಲ ಎಂದು ಹೇಳಿಕೊಳ್ಳುತ್ತೇನೆ, ಆದರೆ ಹೆದರಿದ್ದೆ ಎಂಬುದೂ ನಿಜ.

ಕೆಲವು ವಾರಗಳ ನಂತರ ಅದೇ ಚಿತ್ರವನ್ನು, ಈ ಸಲ ಒಬ್ಬನೇ ಕುಳಿತು ನೋಡಿದೆ. ಮೊದಲ ಸಲ ನಗುವಿನ ಭರದಲ್ಲಿ ದಾಟಿಹೋಗಿದ್ದ ಒಂದು ಸನ್ನಿವೇಶ ಈಗ ಹಿಡಿದು ನಿಲ್ಲಿಸಿತು. ಮಿಕ್ಕಿ ಪಂದ್ಯಕ್ಕೆ ಒಪ್ಪಬೇಕಾದರೆ ಕೇಳುವುದು ತನ್ನ ತಾಯಿಗೊಂದು ಕ್ಯಾರವಾನ್. ಅವನು ಮಣಿಯದಿದ್ದಾಗ ದುಷ್ಟನ ಕಡೆಯವರು ರಾತ್ರಿ ಬಂದು ತಾಯಿ ಮಲಗಿರುವ ಗಾಡಿಗೆ ಬೆಂಕಿಯಿಡುತ್ತಾರೆ. ಒಳಗೆ ನುಗ್ಗಹೊರಟ ಮಗನನ್ನು ಜನ ಹಿಡಿದು ನಿಲ್ಲಿಸುತ್ತಾರೆ. ಅಷ್ಟು ಹೊತ್ತು ನಾಗಾಲೋಟದಲ್ಲಿದ್ದ ಚಿತ್ರ ಅಲ್ಲಿ ಓಡುವುದನ್ನು ಮರೆಯುತ್ತದೆ. ಬೆಂಕಿಯ ಎದುರು ಏನೂ ಮಾಡಲಾಗದೆ ನಿಂತ ಆ ಮಗನ ಮುಖದಲ್ಲಿ ನಾನು ಕಂಡದ್ದು ನನ್ನ ಗೆಳೆಯರ ಮಗನನ್ನು. ಬಹಳ ಹೊತ್ತು ಅತ್ತೆ. ಮೇ ತಿಂಗಳಲ್ಲಿ ಅಳಬೇಕಾಗಿದ್ದುದನ್ನು ಆ ರಾತ್ರಿ ಅತ್ತೆ ಎನ್ನಬೇಕು.

ಇಂಥ ಚಿತ್ರಗಳ ಬಗೆಗೆ ನನ್ನ ಹಳೆಯ ಅಭಿಪ್ರಾಯ ಬದಲಾದದ್ದು ಆಗ. ಹಾಗೆಂದು ಎಲ್ಲವನ್ನೂ ಒಪ್ಪಿದೆನೆಂದಲ್ಲ. ಆ ಚಿತ್ರದಲ್ಲಿ ಹೆಂಗಸರಿಗೆ ಜಾಗವೇ ಇಲ್ಲ. ಅಲೆಮಾರಿಗಳೆಂದರೆ ಮೋಸಗಾರರು ಎಂಬ ಹಳೆಯ ಪೂರ್ವಗ್ರಹವನ್ನು ಅದು ನಗೆಗೆ ಬಳಸಿಕೊಳ್ಳುತ್ತದೆ. ನಮ್ಮ ಊರುಗಳಲ್ಲೂ ಅಲೆಮಾರಿಗಳನ್ನು ಹಾಗೆಯೇ ಅನುಮಾನದಿಂದ ನೋಡುತ್ತೇವಲ್ಲ! ಮಕ್ಕಳು ಬೈಗುಳವನ್ನಷ್ಟೇ ಕಲಿಯಬಹುದು ಎಂಬ ಆಕ್ಷೇಪಣೆಯೂ ಸುಳ್ಳಲ್ಲ.

ಆದರೆ ಸಾವಿನ ನಡುವೆ ನಗೆ ನಮಗೆ ಹೊಸದೇ? ಯಕ್ಷಗಾನದಲ್ಲಿ ರಾಜ್ಯ ಹೋಗಲಿ, ಪ್ರಾಣ ಹೋಗಲಿ, ಹಾಸ್ಯಗಾರ ಬಂದೇ ಬರುತ್ತಾನೆ. ಅವನು ಬಂದನೆಂದು ಸಭೆಯಲ್ಲಿ ಯಾರೂ ಕೋಪಿಸಿಕೊಳ್ಳುವುದಿಲ್ಲ. ಆ ಮಹಾಮಾರಿಯ ನಡುವೆಯೇ, 2020ರ ಜುಲೈ 24ರಂದು, ಪುನೀತ್ ರಾಜ್‌ಕುಮಾರ್ ಅವರ ಸಂಸ್ಥೆ ನಿರ್ಮಿಸಿ ಪನ್ನಗಾಭರಣ ನಿರ್ದೇಶಿಸಿದ 'ಫ್ರೆಂಚ್ ಬಿರಿಯಾನಿ' ಟಾಕೀಸಿಗೆ ಬಾರದೆ ನೇರವಾಗಿ ಅಮೆಜಾನ್ ಪ್ರೈಮ್‌ನಲ್ಲಿ ಬಿಡುಗಡೆಯಾಯಿತು. ಬೆಂಗಳೂರಿನ ಒಬ್ಬ ಆಟೋ ಚಾಲಕ, ಒಬ್ಬ ಪರದೇಶಿ, ನಡುವೆ ರೌಡಿಗಳು ಮತ್ತು ಗೊಂದಲ. ಲಂಡನ್ನಿನ ಚಿತ್ರದಷ್ಟು ಬಿಗಿ ಅದಕ್ಕಿಲ್ಲವೆಂಬುದು ನನ್ನ ಅನಿಸಿಕೆ. ಆದರೂ ಶಿರಾಳಕೊಪ್ಪದ ಅಂಗಡಿಗಳಲ್ಲಿ ಕೇಳಿ ಪರಿಚಯವಿದ್ದ ದಖನಿ ಮಾತು ಕನ್ನಡದೊಡನೆ ಬೆರೆತು ಬಂದಾಗ ಮನೆಮಂದಿಯೆಲ್ಲ ನಕ್ಕೆವು. ಆ ವರ್ಷ ಅಂಥ ನಗು ಔಷಧಿಯ ಅಂಗಡಿಯಲ್ಲಿ ಸಿಗುತ್ತಿರಲಿಲ್ಲ.

ಈಗ ಯಾರಾದರೂ ವಿದ್ಯಾರ್ಥಿ ಬಂದು, "ಸಾರ್, ಇಂಥ ಸಿನಿಮಾ ನೋಡಬಹುದಾ?" ಎಂದು ಕೇಳಿದರೆ, ನೋಡಬೇಡವೆಂದು ಹೇಳಲಾರೆ. ನೋಡು, ಆದರೆ ಒಂದು ವಿಷಯ ಗಮನಿಸು ಎನ್ನುತ್ತೇನೆ. ಸಾಯುವವನಿಗೆ ಹೆಸರಿದೆಯೇ? ನಗು ಎಲ್ಲಿಯಾದರೂ ಒಂದು ಕಡೆ ನಿಲ್ಲುತ್ತದೆಯೇ? ಎಲ್ಲಿಯೂ ನಿಲ್ಲದ ನಗು ಕ್ರೂರವಾದದ್ದು. ಒಬ್ಬ ತಾಯಿಯ ಸಾವಿನ ಎದುರಾದರೂ ನಿಲ್ಲಬಲ್ಲ ನಗು ನಮ್ಮನ್ನು ಮನುಷ್ಯರನ್ನಾಗಿಯೇ ಉಳಿಸುತ್ತದೆ.

ಮೇಷ್ಟ್ರ ಕೆಲಸ ದಿನವೂ ಆರಂಭವಾಗುವುದು ಹಾಜರಿ ಪುಸ್ತಕದಿಂದ. ಅದರಲ್ಲಿ ಕ್ರಮಸಂಖ್ಯೆಯೂ ಇರುತ್ತದೆ, ಹೆಸರೂ ಇರುತ್ತದೆ. ನಾನು ಎಂದೂ ಸಂಖ್ಯೆ ಕೂಗಿ ಹಾಜರಿ ಹಾಕಿದವನಲ್ಲ. ಎಸ್.ಎಸ್.ಎಲ್.ಸಿ.ಯಲ್ಲಿ ಮೊದಲ ಸ್ಥಾನ ಪಡೆದವರ ಹೆಸರನ್ನು ನಮ್ಮ ಶಾಲೆಗಳಲ್ಲಿ ಹಲಗೆಯ ಮೇಲೆ ಬರೆಸಿ ಗೋಡೆಗೆ ಹಾಕುತ್ತೇವೆ. 2020, 2021ರಲ್ಲಿ ನಮ್ಮನ್ನು ಅಗಲಿದವರ ಹೆಸರುಗಳನ್ನೂ, ಅವರ ಮನೆಯವರ ಒಪ್ಪಿಗೆ ಪಡೆದು, ಪ್ರತಿ ಊರಿನ ಗ್ರಂಥಾಲಯದಲ್ಲಿಯೋ ಶಾಲೆಯಲ್ಲಿಯೋ ಹಾಗೆ ಬರೆಸಿ ಹಾಕಬಾರದೇಕೆ? ಸರ್ಕಾರದ ಆದೇಶ ಬರಲಿ ಎಂದು ಕಾಯಬೇಕಾದ ಕೆಲಸವೇನೂ ಅಲ್ಲ ಅದು.

ನಾನು ಒಂದು ನೂರು ಪುಟದ ನೋಟ್‌ಬುಕ್ಕಿನಲ್ಲಿ ಈ ಕೆಲಸ ಆರಂಭಿಸಿದ್ದೇನೆ. ಗೆಳೆಯರ ಹೆಸರನ್ನು ಇಲ್ಲಿ ಬರೆಯಲು ಅವರ ಮನೆಯವರನ್ನು ಇನ್ನೂ ಕೇಳಿಲ್ಲ, ಆದ್ದರಿಂದ ಬರೆದಿಲ್ಲ. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲಿ ಆ ಹೆಸರಿದೆ. ಅದರ ಮುಂದೆ, ಗಣಿತದ ಮೇಷ್ಟ್ರು, ಬೋರ್ಡಿನ ಮೇಲೆ ಕೈವಾರವಿಲ್ಲದೆ ವೃತ್ತ ಬರೆಯುತ್ತಿದ್ದರು, ಎಂದು ಬರೆದಿದ್ದೇನೆ.